ನಿರೂಪಣೆ: ಸ್ಪಂದನಾ

ಭದ್ರಾವತಿಯಲ್ಲಿ ಹೊರಟೇಬಿಟ್ಟಿದ್ದ ಬಸ್ಸಿಗೆ ಓಡಿ ಹತ್ತಿದ ದುರ್ಗಮ್ಮ, ಸೊಪ್ಪಿನ ಚೀಲವನ್ನು ಕಾಲಡಿಗೆ ತಳ್ಳಿ ಉಸ್ಸೆಂದು ಕೂತಳು. ಮುಂದಿನ ಸೀಟಿನ ಹುಡುಗ ಪಕ್ಕದವಳ ಕೈಗೆ ಕವಿಗೋಷ್ಠಿಯ ಆಹ್ವಾನ ಪತ್ರಿಕೆ ಕೊಡುತ್ತಿದ್ದ. ಅವಳು ಅದನ್ನು ಮೇಲಿನಿಂದ ಕೆಳಗೆ ಓದಿದಳು.

"ಕವಿಗಳಲ್ಲಿ ಈ ಸಲಾನೂ ನನ್ನ ಹೆಸರಿಲ್ವಲ್ಲೋ ಜ್ಞಾನೇಶ್."

"ಕೆಳಗೆ ನೋಡು ಮಾರಾಯ್ತಿ. ನಿರೂಪಣೆ, ಸ್ಪಂದನಾ. ದಪ್ಪ ಅಕ್ಷರದಲ್ಲಿ ಹಾಕ್ಸಿದೀನಿ."

"ನನ್ನ ಕವಿತೆ ಓದಿದ್ರಾ ಕಮಿಟಿಯವ್ರು?"

"ಓದಿದ್ರು. ಚೆನ್ನಾಗಿದೆ, ಈ ಸಲ ಬೇಡ ಅಂದ್ರು. ನಿನ್ನ ಕಂಠ ಮಾತ್ರ ಬೇಕೇ ಬೇಕಂತೆ."

"ಪ್ರತಿ ವರ್ಷ ಕಂಠಾನೇ."

"ಪಾಸಿಟಿವ್ ಆಗಿ ತಗೋ. ದೊಡ್ಡ ದೊಡ್ಡೋರನ್ನೂ ಮೊದಲು ಬೇಡ ಅಂದಿದಾರೆ."

"ಆ ದೊಡ್ಡೋರನ್ನೆಲ್ಲ ವೇದಿಕೆಗೆ ಕರೆದಿದ್ದು ನಾನೇ ಕಣೋ. ನಾಡಿನ ಹೆಮ್ಮೆಯ ಕವಿ, ಜೋರಾದ ಚಪ್ಪಾಳೆ. ಈಗ ಬರೆಯೋಕೆ ಕೂತ್ರೂ ಅದೇ ಬರುತ್ತೆ. ನನ್ನದು ಅಂತ ಒಂದು ಸಾಲೂ ಹುಟ್ತಾ ಇಲ್ಲ."

ಕವಿತೆಯ ಗಂಧಗಾಳಿ ಇಲ್ಲದ ದುರ್ಗಮ್ಮನೂ ಆ ದನಿ ಕೇಳಿ ಮುಂದಕ್ಕೆ ಬಾಗಿ ಕೂತಳು.

ಶಿವಮೊಗ್ಗ ಬಂತು. ಇಬ್ಬರೂ ಎದ್ದರು.

"ಒಂದು ಉಪಾಯ ಹೇಳ್ಲಾ? ಕವಿಗಳನ್ನ ಕರೆಯುವಾಗ ನಡುನಡುವೆ ನಿನ್ನ ಹಳೇ ಕವಿತೆಯ ಎರಡೆರಡು ಸಾಲು ಸೇರಿಸಿಬಿಡು. ಜನ ಕೇಳ್ತಾರೆ."

"ನನ್ನ ಸಾಲು ಅಂತ ಹೇಳ್ಬಹುದಾ?"

"ಅದೊಂದು ಬೇಡ. ಕಮಿಟಿಯವ್ರು ಬೇಜಾರು ಮಾಡ್ಕೋತಾರೆ."

ಅವಳು ಆಹ್ವಾನ ಪತ್ರಿಕೆಯನ್ನು ಅವನ ಜೇಬಿಗೆ ತುರುಕಿ ಮೆಟ್ಟಿಲಿಳಿದಳು.

"ಮೈಕ್ ಹಿಡಿಯೋಕೆ ಬೇರೆ ಯಾರನ್ನಾದ್ರೂ ನೋಡ್ಕೋ. ನಾನು ಬರಲ್ಲ."