ಮೂರನೇ ಲೆವೆಲ್ಲು

ಹಲೋ... ಯಾರು ಮಾತಾಡೋದು?... ಜಕ್ಕೂರಿನ ವೃದ್ಧಾಶ್ರಮದಿಂದಾನಾ? ಶಿಲ್ಪಮ್ಮನೋರಾ? ನಾನು ಕಣಮ್ಮ, ಗೋಪಾಲಮ್ಮ, ಕೊಡಿಗೇಹಳ್ಳಿ. ನಾಳೆ ಇಬ್ರು ಬತ್ತೀವಿ ಅಂದಿದ್ನಲ್ಲ... ಹಾಂ, ಅದೇ. ಎರಡು ಸಲ ಫೋನ್ ಮಾಡಿದ್ರಾ? ಅಕ್ಕಂಗೆ ಸ್ನಾನ ಮಾಡಿಸ್ತಿದ್ದೆ.

...

ಯಾವ ರಿಪೋರ್ಟು?... ಓ, ನಿನ್ನೆ ನರ್ಸಮ್ಮ ಬರ್ಕೊಂಡು ಓಗಿದ್ದಾ. ಬಂದಿದ್ರು. ಒಳ್ಳೇ ಉಡ್ಗಿ. ಅಕ್ಕನ್ನ ನಡ್ಸಿದ್ರು, ಇವತ್ತು ಯಾವ ವಾರ ಅಂತ ಕೇಳಿದ್ರು, ಲೋಟ ಎತ್ತು ಅಂದ್ರು.

...

ಮೂರನೇ ಲೆವೆಲ್ಲು ಅಂದ್ರೆ?... ಎಲ್ಲಾನೂ ಬೇರೆಯೋರೇ ಮಾಡ್ಬೇಕಾದೋರಾ?... ನೀವು ಒಂದನೇದು ಅಂದಿದ್ರಿ, ಅಲ್ವಾ?... ಹೌದು, ನಾನೇ ಯೋಳಿದ್ದು. ನಡೀತಾಳೆ ಅಂದೆ. ನಾನು ಇಡ್ಕೊಂಡ್ರೆ ನಡೀತಾಳೆ... ಬಟ್ಟೇಲಿ ಆಗೋದು ರಾತ್ರಿ ಮಾತ್ರ... ಸರಿ, ಹಗಲೂ ಆಯ್ತೈತೆ. ಸುಳ್ಳು ಯೋಳ್ದೆ ಕಣಮ್ಮ. ನಿಮ್ಮ ಕಾಗದದಲ್ಲಿ ನಡ್ಸಿದ್ರೆ ಇಷ್ಟು, ಉಣ್ಸಿದ್ರೆ ಇಷ್ಟು, ಬಟ್ಟೆ ಬದಲಾಯಿಸಿದ್ರೆ ಇಷ್ಟು ಅಂತಿತ್ತು. ಅದನ್ನ ಓದಿಸ್ಕೊಂಡ್ ಮೇಲೆ ನಿಜ ಎಂಗೆ ಯೋಳ್ಲಿ?

...

ನಿಧಾನಕ್ಕೆ ಯೋಳಿ. ಡಬಲ್ ರೂಮು, ಊಟ ಎಲ್ಲಾ ಸೇರಿ ಇಬ್ರಿಗೂ ನಲವತ್ತು ಸಾವಿರ ಅಂತಲ್ವಾ ಆಗಿದ್ದು?... ಅವ್ಳೊಬ್ಳಿಗೇ ಮೂವತ್ತೆಂಟಾ? ನಂಗೆ ಬೇರೆ ರೂಮು, ಅದಕ್ಕೆ ಮೂವತ್ತು... ಬೇರೆ ರೂಮು ಯಾಕಮ್ಮ?... ಮೂರನೇ ಲೆವೆಲ್ಲಿನೋರೆಲ್ಲ ಮೇಲಿನ ಮಹಡೀಲಾ. ಬೀಗ ಆಕಿರ್ತೀರಾ ಅಲ್ಲಿ?

...

ಉಣ್ಸೋದು ತೊಳೆಯೋದು ನಾನೇ ಮಾಡ್ತೀನಲ್ಲ. ಅವ್ಳಿಗೆ ಲಕ್ವ ಒಡೆದು ಆರು ವರ್ಷ, ನಾನೇ ಮಾಡಿರೋದು. ಅದಕ್ಕೆ ನೀವ್ಯಾಕೆ ದುಡ್ಡು ತಗೊಳ್ಳೋದು?... ರೂಲ್ಸಾ... ಬಿದ್ರೆ ನಿಮ್ಮ ಮೇಲೆ ಬತ್ತೈತೆ. ಹೂಂ.

ಎತ್ತೋಕೊಂದು ಆಗಲ್ಲ ನಂಗೆ. ಓದ ತಿಂಗಳು ಬಚ್ಚಲಲ್ಲಿ ಇಬ್ರೂ ಬಿದ್ವು. ಪಕ್ಕದ್ಮನೆ ಜೈನಾಬ್ ಬರೋವರ್ಗೂ ಒದ್ದೇಲೇ ಬಿದ್ದಿದ್ವು. ಅವತ್ತೇ ನಿಮ್ಗೆ ಫೋನ್ ಮಾಡ್ಸಿದ್ದು.

...

ಎಲ್ಲಿಂದ ತರ್ಲಮ್ಮ? ಏರ್‌ಪೋರ್ಟ್ ರೋಡಿಗೆ ಜಮೀನು ಓಯ್ತಲ್ಲ, ಆ ದುಡ್ಡು ಬ್ಯಾಂಕಲ್ಲೈತೆ. ತಿಂಗ್ಳಿಗೆ ಬಡ್ಡಿ ನಲವತ್ತೆರಡು ಸಾವಿರ... ಅಸಲಾ? ವರ್ಷ ವರ್ಷ ನೂರಕ್ಕೆ ಹತ್ತು ಏರಿಸ್ತೀವಿ ಅಂದ್ರಲ್ಲ ನೀವು. ಅಸಲು ಮುಗಿದ ದಿನ ಏನ್ಮಾಡ್ತೀರಾ ನಮ್ಮನ್ನ?... ಇರ್ಲಿ ಬಿಡಿ, ನಿಮ್ಮ ಕೈಲೇನೈತೆ.

...

ಅಕ್ಕ ಏನಂದ್ಲು?... ನಾನು ತಂಗಿ ಅಲ್ಲ ಅಂತ ನರ್ಸ್ ಮುಂದೆ ಅಂದ್ಲಾ! ಹೂಂ. ಅಕ್ಕ ಅಂತ ಬರ್ಸಿದ್ದೆ, ಒಡಹುಟ್ಟಿದವಳಲ್ಲ. ಸವತಿ. ಅವ್ಳು ಮೊದಲ್ನೇ ಹೆಂಡ್ತಿ. ಮಕ್ಕಳಾಗ್ಲಿಲ್ಲ ಅಂತ ಅವ್ಳೇ ನಮ್ಮೂರಿಗೆ ಬಂದು, ನನ್ನ ಒಪ್ಪಿ, ಕೈ ಇಡ್ಕೊಂಡು ಕರ್ಕೊಂಬಂದ್ಲು. ನಂಗೂ ಆಗ್ಲಿಲ್ಲ. ನಮ್ಮಕ್ಕ ಮುನಿನಾರಾಯಣಮ್ಮ ಒಂದಿನಾನೂ ಆ ಮಾತು ಆಡ್ಲಿಲ್ಲ ಕಣಮ್ಮ. ಯಜಮಾನ್ರು ಓಗಿ ಇಪ್ಪತ್ತು ವರ್ಷ ಆಯ್ತು. ಆಗಿಂದ ಒಂದೇ ಚಾಪೆ.

...

ಗಂಡ ಹೆಂಡ್ತಿ ಆದ್ರೆ ಮೇಲಿನ ಮಹಡೀಲೂ ಜೊತೇಲಿ ಇರ್ಬೋದಾ? ರೇಟೂ ಕಮ್ಮೀನಾ?... ನಮ್ಗಿಲ್ಲ. ಇಬ್ರಿಗೂ ಒಬ್ಬನೇ ಗಂಡ ಅನ್ನೋದು ನಿಮ್ಮ ಕಾಗದಕ್ಕೆ ಬರಲ್ಲ, ಅಲ್ವಾ.

...

ಶಿಲ್ಪಮ್ಮ, ಒಂದು ಮಾತು ಕೇಳ್ಲಾ? ನಿಮ್ಮ ಗೇಟಲ್ಲಿ ಆಯಾ ಬೇಕು ಅಂತ ಬೋರ್ಡು ಆಕಿದ್ರಿ. ನನ್ನ ತಗೊಳ್ಳಿ. ಸಂಬಳ ಬ್ಯಾಡ. ಮೂಲೇಲಿ ಮಲಗ್ತೀನಿ... ಅರವತ್ತಾರು... ನಲವತ್ತೈದರ ಒಳಗಾ. ಹೌದಾ... ಇಲ್ಲ, ಅಳ್ತಿಲ್ಲ. ಯೋಳಿ.

...

ಇಲ್ಲೇ ಇರೋಕೂ ಆಗಲ್ಲ. ಬಾಡಿಗೆ ಮನೆ, ಓನರ್ರು ಕೆಡವಿ ಕಟ್ತಾರಂತೆ, ತಿಂಗಳ ಕೊನೇಗೆ ಬಿಡ್ಬೇಕು... ಮೇಲೆ ಖಾಲಿ ಇರೋದು ಒಂದೇ ಬೆಡ್ಡಾ? ನಾಳೆವರ್ಗೂ ಇಟ್ಟಿರಲ್ವಾ? ಈಗ್ಲೇ ಯೋಳ್ಬೇಕಾ?

...

ಅವ್ಳೊಬ್ಳನ್ನೇ ಬರ್ಕೊಳ್ಳಿ.

...

ನಂದಾ? ನಾಲ್ಕು ಸಾವಿರ ಉಳೀತೈತಲ್ಲ. ಶೆಟ್ಟಿಹಳ್ಳೀಲಿ ನಮ್ಮ ಮೈದುನನ ಮಗ ಮುನಿಯಲ್ಲಪ್ಪ ಅವ್ನೆ, ಮನೆ ಇಂದೆ ಶೀಟಿನ ರೂಮು ಖಾಲಿ ಐತೆ. ಕರೆದವ್ನೆ... ಕರೀಲಿಲ್ಲ, ನಾನೇ ಕೇಳ್ತೀನಿ.

ದಿನಾ ಬರ್ಬೋದಾ ನೋಡೋಕೆ?... ಭಾನುವಾರ ಮಾತ್ರ. ಎರಡು ಗಂಟೆ ಹೊತ್ತು.

...

ಬರ್ಕೊಳ್ಳಿ ಅಂಗಾದ್ರೆ. ಬಲಗಡೆ ತಿಂದ್ರೆ ಕೆಮ್ಮು ಬತ್ತೈತೆ, ತುತ್ತು ಬಾಯಿ ಎಡಗಡೆ ಇಡ್ಬೇಕು. ಮುದ್ದೆ ಮಿದ್ದು ಸಾರಲ್ಲಿ ಕರಗಿಸಿ ಕೊಡ್ಬೇಕು... ಅದಕ್ಕೂ ಬೇರೆ ಚಾರ್ಜಾ? ಆಕ್ಕೊಳ್ಳಿ. ಕತ್ತಲಾಗೋ ಹೊತ್ಗೆ ಗೋಪಾಲಿ ಗೋಪಾಲಿ ಅಂತ ಕೂಗ್ತಾಳೆ. ಗದರಬ್ಯಾಡಿ. ಇಲ್ಲ ಅನ್ಬ್ಯಾಡಿ. ಇತ್ತಲಲ್ಲಿ ಬಟ್ಟೆ ಒಗೀತಾವ್ಳೆ, ಬತ್ತಾಳೆ ಅನ್ನಿ. ಸುಮ್ಕಾಯ್ತಾಳೆ...

ದಿನಾ ಕೂಗ್ತಾಳೆ ಕಣಮ್ಮ... ಏನಂದ್ರಿ? ಎಷ್ಟು ದಿನ ಅಂಗೆ ಯೋಳೋದು ಅಂತಾ?... ಭಾನುವಾರದವರ್ಗೂ ಯೋಳಿ, ಅವತ್ತು ನಾನೇ ಬತ್ತೀನಲ್ಲ... ಶಿಲ್ಪಮ್ಮ? ಹಲೋ... ಹಲೋ? ಕೇಳಿಸ್ತಾ ಐತಾ?...