ನನ್ನದೇ ಧ್ವನಿ

ನಗು, ನಗು... ನಿನಗೇನು, ನಗ್ತೀಯ. ಟೂತ್‌ಪೇಸ್ಟ್ ಟ್ಯೂಬನ್ನ ಕತ್ತರೀಲಿ ಸೀಳಿ, ಒಳಗಿಂದ ಕೆರೆದು ಹಲ್ಲುಜ್ಜೋದನ್ನ ನನಗೆ ಕಲಿಸಿದ್ದು ಯಾರು? ನೀನೇ ತಾನೆ ಅಕ್ಕಾ? ಈಗ ಹಾಸ್ಟೆಲ್ ಹುಡುಗಿಯರೆಲ್ಲ ನನ್ನನ್ನ ಜಿಪುಣಿ ಜಿಪುಣಿ ಅಂತಾರೆ. ಅನ್ನಲಿ ಬಿಡು. ನಮ್ಮಕ್ಕನ ಹತ್ತಿರ ಪಾಠ ಆಗಿದೆ ನನಗೆ, ನಿಮಗೆಲ್ಲಿ ಆ ಭಾಗ್ಯ ಅಂತೀನಿ!

ಇಲ್ಲ, ಕಾಫಿ ಬೇಡ. ಬೇಡ ಅಂದ್ರೆ ಬೇಡ. ಊಟಾನೂ ಬೇಡ ಮಾರಾಯ್ತಿ, ಸ್ವಲ್ಪ ಕೂತ್ಕೋ. ಸರಿ, ಬೀನ್ಸ್ ಬಿಡಿಸ್ತಾನೇ ಕೇಳು. ಕೈ ಸುಮ್ಮನಿದ್ರೆ ನಿನಗೆ ಕಿವಿ ಕೇಳಲ್ಲ.

ನಮ್ಮ ಕನ್ನಡಕದ ಅಂಗಡಿ ಸೋಡಾಬುಡ್ಡಿ ಗೊತ್ತಲ್ಲ? ಅದೇ, ಕಣ್ಣು ಪರೀಕ್ಷೆ ಮಾಡೋ ಹಿರೀರು. ಪಾಪ, ಅವರಿಗೆ ಮೊಣಕಾಲು ನೋವು. ಊರಾಚೆ ಕಾರ್ಖಾನೆಗಳಿಗೆ, ಸ್ಕೂಲುಗಳಿಗೆ ಹೋಗಿ ಕಣ್ಣು ನೋಡಿ ಬರೋದು ಇನ್ನು ಅವರಿಂದ ಆಗಲ್ಲ. ಅದಕ್ಕೆ ಅವರೇ ಯಜಮಾನರ ಹತ್ತಿರ ಹೇಳಿದ್ರಂತೆ, ಈ ಹುಡುಗಿಗೆ ಎಲ್ಲಾ ಕಲಿಸಿದ್ದೀನಿ, ಇವಳನ್ನ ಕಳಿಸಿ ಅಂತ. ಯಜಮಾನರು ಕರೆದು, "ಒಂದು ಗಾಡಿ ಮಾಡ್ಕೋಮ್ಮಾ, ಕೆಲಸ ನಿಂದೇ" ಅಂದ್ರು. ಸಂಬಳ ಅರ್ಧಕ್ಕರ್ಧ ಜಾಸ್ತಿ ಅಕ್ಕಾ! ಕೌಂಟರ್ ಹಿಂದೆ ನಿಂತು ಕಂಡೋರ ಗಾಜು ಒರೆಸೋದು ತಪ್ಪುತ್ತೆ!

ನಿನಗೆ ಹೇಳಿರಲಿಲ್ಲ. ಗಾಡಿ ತಗೊಂಡು, ಅದರಲ್ಲೇ ಬಂದು, ಬಾಗಿಲಲ್ಲಿ ಹಾರ್ನ್ ಹೊಡೀಬೇಕು ಅಂತಿತ್ತು.

ದುಡ್ಡಾ? ಕೂಡಿಟ್ಟಿದ್ದೆ. ಪೂರ್ತಿ ಅಲ್ಲ, ಮೊದಲು ಕಟ್ಟೋದಕ್ಕೆ ಆಗೋಷ್ಟು. ಹೆಂಗೆ ಅಂತ ಕೇಳ್ಬೇಡ. ಬಸ್ಸು ಬಿಟ್ಟು ನಡೆದೆ. ಮಧ್ಯಾಹ್ನ ಎರಡು ಬಾಳೆಹಣ್ಣು ತಿಂದು, ಹೊಟ್ಟೆ ಸರಿಯಿಲ್ಲ ಅಂದೆ. ಪಕ್ಕದ ಮಂಚದವಳ ಮದುವೆಗೆ ಉಡುಗೊರೆ ಕೊಡಬೇಕಾಗುತ್ತಲ್ಲ ಅಂತ ಜ್ವರ ಬರಿಸ್ಕೊಂಡೆ... ಅವಳು ಫೋನ್ ಮಾಡಿದ್ರೆ ಕೆಮ್ಮಿದೆ ಕೂಡ. ಜ್ವರಕ್ಕೂ ಕೆಮ್ಮಿಗೂ ಏನು ಸಂಬಂಧವೋ! ಆಮೇಲೆ ಒಬ್ಬಳೇ ರೂಮಲ್ಲಿ ಕೂತು ಅತ್ತೆ. ಹೋಗಲಿ. ಮಿಕ್ಕಿದ್ದಕ್ಕೆ ತಿಂಗಳ ಕಂತು ಮಾಡಿಸೋದು ಅಂತ ಲೆಕ್ಕ.

ಇವತ್ತು ಬೆಳಿಗ್ಗೆ ಹೋದೆ. ನೀಲಿ ಗಾಡಿ ಅಕ್ಕಾ... ಹತ್ತಿ ಕೂತೆ. ಕನ್ನಡಿ ತಿರುಗಿಸಿ ನನ್ನ ಮುಖ ನಾನೇ ನೋಡ್ಕೊಂಡೆ. ಅಂಗಡಿಯವನು, "ಮೇಡಂ, ನಿಮಗೋಸ್ಕರಾನೇ ಮಾಡಿಸಿದಂಗಿದೆ" ಅಂದ. ಎಲ್ಲರಿಗೂ ಹಾಗೇ ಅಂತಾನೆ, ಗೊತ್ತು. ಆದ್ರೂ ಖುಷಿಯಾಯ್ತು ನೋಡು.

ಕಂತು ಮಾಡಿಕೊಡೋನು ಒಳಗೆ ಕೂತಿದ್ದ. ನನ್ನ ಹೆಸರು, ನಂಬರು ಎಲ್ಲಾ ಕಂಪ್ಯೂಟರಲ್ಲಿ ಕುಟ್ಟಿದ. ಕುಟ್ಟಿ, ಬಂದಿದ್ದನ್ನ ಎರಡು ಸಲ ಓದಿದ. ಆಮೇಲೆ ಮೆಲ್ಲಗೆ, "ನಿಮ್ಮ ಹೆಸರಲ್ಲಿ ಆಗಲೇ ಒಂದು ಸಾಲ ಇದೆಯಲ್ಲ ಮೇಡಂ? ಕಂತು ಕಟ್ಟೋದು ನಿಲ್ಲಿಸಿಬಿಟ್ಟಿದ್ದೀರಿ. ಇನ್ನೊಂದು ಕೊಡೋಕಾಗಲ್ಲ" ಅಂದ.

ನಾನು ನಕ್ಕೆ! ನಿಜವಾಗಿ ನಕ್ಕುಬಿಟ್ಟೆ. "ಅಯ್ಯೋ ಸ್ವಾಮಿ, ಪಕ್ಕದವಳ ಹತ್ತಿರ ಒಂದು ಪಿನ್ನು ಇಸ್ಕೊಂಡ್ರೂ ಸಂಜೆಗೆ ವಾಪಸ್ ಕೊಡೋಳು ನಾನು" ಅಂದೆ. ಅವನು ನಗಲಿಲ್ಲ.

ಎಲ್ಲಿಗೆ ಎದ್ದೆ? ನಲ್ಲಿ ನಿಲ್ಲಿಸಿದ್ದೀಯ ಅಕ್ಕಾ, ಒಂದು ಹನೀನೂ ಬೀಳ್ತಿಲ್ಲ. ಬಾ, ಕೂತ್ಕೋ. ಇನ್ನೂ ಮುಗಿದಿಲ್ಲ.

ಹಿಂದಿನ ಬೀದಿಯಲ್ಲೇ ಆ ಸಾಲದ ಕಂಪನಿ. ಔಷಧಿ ಅಂಗಡಿ ಮೇಲೆ, ಕತ್ತಲೆ ಮೆಟ್ಟಿಲು. ಹೋದೆ. ನನ್ನ ಬಾಯಿ ನಿನಗೆ ಗೊತ್ತಲ್ಲ... ಕೂಗಾಡಿದೆ. ಕಳ್ಳರು ನೀವು, ಮೋಸಗಾರರು ನೀವು, ಬಡವರ ಹೊಟ್ಟೆ ಮೇಲೆ ಹೊಡೀತೀರಾ ಅಂತ. ನನ್ನ ವಯಸ್ಸಿನ ಹುಡುಗಿ ಒಬ್ಬಳು ಎದ್ದು ಬಂದು ಕುರ್ಚಿ ಕೊಟ್ಟಳು, ನೀರು ಕೊಟ್ಟಳು. ಗುರುತಿನ ಚೀಟಿ ನಂದೇ ಅಂತೆ. ಫೋಟೋ ನಂದೇ. ಫೋನ್ ನಂಬರು... ನಿಮ್ಮನೇಲಿದ್ದಾಗಿನ ನನ್ನ ಹಳೇ ನಂಬರು. ಆ ಸಿಮ್ಮು ಎಲ್ಲೋ ಕಳೆದುಹೋಗಿದೆ ಅಂದೆ. ಕಳೆದುಹೋಗಿರಬೇಕು, ಅಲ್ವಾ ಅಕ್ಕಾ?

ಹೂಂ ಅಂತಾದ್ರೂ ಅನ್ನು.

"ಸಾಲ ಕೊಡೋ ಮುಂಚೆ ಆ ನಂಬರಿಗೆ ಫೋನ್ ಮಾಡಿ ಮಾತಾಡಿದ್ದೀವಿ, ರೆಕಾರ್ಡ್ ಇದೆ" ಅಂದಳು. ಅದು ನನ್ನ ಧ್ವನಿ ಅಲ್ಲ ಅಂತ ಬರೆದುಕೊಟ್ರೆ ಸಾಲ ನನ್ನ ತಲೆ ಮೇಲಿಂದ ಇಳಿಯುತ್ತಂತೆ. ಮಾತಾಡಿದ್ದು ಯಾರು ಅಂತ ಪೊಲೀಸರು ಹುಡುಕ್ತಾರಂತೆ. ಬರೆದುಕೊಟ್ಟು ಬಂದೆ. ನಾಳೆ ಭಾವನ್ನ ಜೊತೆಗೆ ಕರ್ಕೊಂಡು ಸ್ಟೇಷನ್ನಿಗೆ ಹೋಗೋಣ ಅಂತ ಇಲ್ಲಿಗೆ ಬಂದೆ. ಒಬ್ಬಳೇ ಹೋಗೋಕೆ ಭಯ.

...

ಏನಾದ್ರೂ ಮಾತಾಡಕ್ಕಾ. ಬೈಯಿ ಆ ಕಳ್ಳರನ್ನ! ನನ್ನ ಕೊಡೆ ಯಾರೋ ಎತ್ಕೊಂಡು ಹೋದಾಗ ಅವರ ಏಳು ತಲೆಮಾರಿಗೆ ಶಾಪ ಹಾಕಿದವಳು ನೀನು. ಒಂದು ಕೊಡೆಗೆ! ಈಗ್ಯಾಕೆ ಬೀನ್ಸನ್ನೇ ನೋಡ್ತಾ ಕೂತಿದ್ದೀಯ?

ಯಾರು ಅಂತಾದ್ರೂ ಕೇಳು.

ಗಾಡಿ ಅಂಗಡಿಯಿಂದ ಹೊರಗೆ ಬಂದು ಫೋನ್ ಮಾಡಿದಾಗ ಸೋಡಾಬುಡ್ಡಿ ಕೇಳಿದ್ರು. ಹಾಸ್ಟೆಲ್ ಅಡುಗೆಯಮ್ಮನೂ ಕೇಳಿದ್ಲು. ಬಾಯಿ ಬಿಟ್ಟೋರೆಲ್ಲ ಮೊದಲು ಕೇಳಿದ್ದೇ ಅದು, "ಯಾರೇ ಮಾಡಿದ್ದು?" ನೀನೊಬ್ಬಳೇ ಕೇಳಲಿಲ್ಲ. ಕೇಳ್ತೀಯೇನೋ, ಕೇಳ್ತೀಯೇನೋ ಅಂತ ಆಗಿಂದ ನಿನ್ನ ಬಾಯಿ ನೋಡ್ತಾ ಕೂತಿದ್ದೀನಿ ಅಕ್ಕಾ. ನೀನು ಕೇಳಿಬಿಟ್ಟಿದ್ರೆ... ನನ್ನ ಕಿವಿಯೇ ಸುಳ್ಳು ಅಂದ್ಕೊಂಡು ಎದ್ದು ಹೋಗ್ತಿದ್ದೆ.

ಬರೆದುಕೊಟ್ಟಿಲ್ಲ. ಸುಳ್ಳು ಹೇಳಿದೆ. ಪೊಲೀಸೂ ಇಲ್ಲ, ಏನೂ ಇಲ್ಲ. ಹೆದರಬೇಡ.

ಆ ಹುಡುಗಿ ನನ್ನ ಕಿವಿಗೆ ಹೆಡ್‌ಫೋನ್ ಹಾಕಿದಳು. ನಮ್ಮಿಬ್ಬರ ಧ್ವನಿ ಒಂದೇ ಅಂತ ಅಪ್ಪ ಅಂತಿದ್ದನಲ್ಲ, ಫೋನಲ್ಲಿ ದೊಡ್ಡೋಳಾ ಚಿಕ್ಕೋಳಾ ಅಂತ ಕೇಳ್ಕೊಂಡೇ ಮಾತು ಶುರು ಮಾಡ್ತಿದ್ದ. ನನಗೂ ಒಂದು ಗಳಿಗೆ ಹಂಗೇ ಆಯ್ತು. ನಾನೇ ಮಾತಾಡ್ತಿದ್ದೀನಾ? ನಿದ್ದೆಗಣ್ಣಲ್ಲಿ ಸಾಲ ಮಾಡಿದ್ನಾ? ಕಂಪನಿಯವನು ಹುಟ್ಟಿದ ದಿನ ಕೇಳಿದ, ಥಟ್ಟಂತ ಬಂತು. ಅಮ್ಮನ ಹೆಸರು ಕೇಳಿದ, ಬಂತು. ಯಾತಕ್ಕೆ ಸಾಲ ಅಂದ್ರೆ, ಕಾರು ತೊಳೆಯೋ ಮಷೀನಿಗೆ, ದುಡ್ಡು ನೇರ ಮಷೀನ್ ಅಂಗಡಿಗೇ ಕೊಟ್ಟುಬಿಡಿ ಅಂತ. ಆಗಲೂ ನನ್ನ ಮನಸ್ಸು ಒಪ್ಪಲಿಲ್ಲ ಅಕ್ಕಾ. ಊರಲ್ಲಿ ಕಾರು ತೊಳೆಯೋರು ಭಾವ ಒಬ್ಬರೇನಾ ಅಂದ್ಕೊಂಡೆ.

ಕೊನೆಗೆ ಅವನು ಥ್ಯಾಂಕ್ಸ್ ಮೇಡಂ ಅಂತಾನೆ, ನೀನು, "ಊಟ ಆಯ್ತೇನಪ್ಪಾ ನಿಂದು?" ಅಂತೀಯ.

ಸಾಲ ಕೊಡೋನನ್ನ ಊಟ ಆಯ್ತಾ ಅಂತ ಕೇಳೋರು ಈ ಪ್ರಪಂಚದಲ್ಲಿ ಇನ್ಯಾರಿದ್ದಾರೆ ಅಕ್ಕಾ?

ಭಾವನ ಶೆಡ್ಡು ಶುರುವಾದ ದಿನ ಗೋಡೆ ಗಡಿಯಾರ ತಂದುಕೊಟ್ಟೆನಲ್ಲ. ಆ ಮಷೀನಿಂದ ನೀರು ಚಿಮ್ಮಿದಾಗ ಮುಖ ಒಡ್ಡಿ, ಮಗು ಥರ ಕುಣಿದೆನಲ್ಲ. ಇದಕ್ಕೆಲ್ಲ ಯಾರು ಕೊಟ್ರಕ್ಕಾ ದುಡ್ಡು ಅಂದ್ರೆ, "ನಿಮ್ಮ ಭಾವನ ಸ್ನೇಹಿತ ಕಣೇ, ದೇವರಂಥೋನು" ಅಂದೆ. ಆ ದೇವರು ನಿನ್ನ ಪಕ್ಕದಲ್ಲೇ ನಿಂತಿತ್ತು, ಹೊಲಿಗೆ ಹಾಕಿದ ಚಪ್ಪಲಿ ಮೆಟ್ಕೊಂಡು! ಸಂಜೆ ಆಟೋದಲ್ಲಿ ಹೋಗ್ತೀನಿ ಅಂದ್ರೆ, "ದುಡ್ಡೇನು ಪುಕ್ಕಟೆ ಬರುತ್ತಾ, ನಡೆದು ಹೋಗು" ಅಂತ ಬೈದು ಕಳಿಸಿದೆ ನೀನು. ನಾನು ನಡೆದು ಹೋದೆ. ದಾರಿಯುದ್ದಕ್ಕೂ, ನಮ್ಮಕ್ಕನಿಗೆ ನನ್ನ ಮೇಲೆ ಎಷ್ಟು ಕಾಳಜಿ ಅಂತ...

ಕೇಳಿದ್ರೆ ಕೊಡ್ತಿರಲಿಲ್ವಾ? ಬಾಯಿ ಬಿಟ್ಟು ಒಂದು ಮಾತು ಕೇಳಿದ್ರೆ? ಬೇರೆ ಯಾರಾದ್ರೂ ಮಾಡಿದ್ದಿದ್ರೆ ಓಡಿ ಬಂದು ನಿನ್ನ ಹತ್ತಿರ ಅಳ್ತಿದ್ದೆ. ಈಗ ಎಲ್ಲಿಗೆ ಹೋಗಲಿ ಹೇಳು?

ಸೆರಗಲ್ಲಿ ಮುಖ ಮುಚ್ಕೋಬೇಡ. ಇಲ್ಲಿ ನೋಡು. ನೋಡಲ್ವಾ? ಬೇಡ ಬಿಡು.

ಹುಡುಗಿ ಕೇಳಿದಳು, "ನಿಮ್ಮ ಧ್ವನೀನೇ ತಾನೆ ಮೇಡಂ?" ಹೌದು, ನಂದೇ ಅಂದೆ. ಕೂಗಾಡಿದ್ದಕ್ಕೆ ಕ್ಷಮಿಸಿ, ಮರೆತುಹೋಗಿತ್ತು ಅಂದೆ. ಅಲ್ಲಿದ್ದೋರೆಲ್ಲ ಹೆಂಗೆ ನೋಡಿದ್ರು ಗೊತ್ತಾ? ಸಾಲ ಮಾಡಿ ಮರೆತೋಳು! ಗಾಡಿಗೆ ಅಂತ ಇಟ್ಟಿದ್ದನ್ನ ಅಲ್ಲೇ ಕಟ್ಟಿದೆ. ಮೆಟ್ಟಿಲಿಳಿದು ಯಜಮಾನರಿಗೆ ಫೋನ್ ಮಾಡಿ, ನನಗಾಗಲ್ಲ ಸಾರ್, ಬೇರೆಯವರನ್ನ ನೋಡ್ಕೊಳ್ಳಿ ಅಂದೆ. "ಮೊದಲೇ ಹೇಳೋದಲ್ವೇನಮ್ಮಾ" ಅಂದ್ರು. ಅಷ್ಟೇ.

ಹೊರಟೆ. ಬಿಡು, ಕೈ ಬಿಡು ಅಕ್ಕಾ.

ಒಂದು ಮಾತು ಹೇಳಿಬಿಡ್ತೀನಿ. ಆ ರೆಕಾರ್ಡಲ್ಲಿ ಅವನು ಇನ್ನೊಂದು ಕೇಳ್ತಾನಲ್ಲ, "ನೀವು ಕಟ್ಟದೇ ಹೋದ್ರೆ ನಾವು ಯಾರನ್ನ ಕೇಳಬೇಕು ಮೇಡಂ?" ಅಂತ. ನೀನು ಒಂಚೂರೂ ತಡವರಿಸಲಿಲ್ಲ. ನಾನಾಗಿ ನಿಂತು, ನನ್ನ ಧ್ವನೀಲಿ ಹೇಳಿದೆ, "ನಮ್ಮಕ್ಕ ಇದ್ದಾಳೆ. ಏನೇ ಆಗಲಿ, ಅವಳು ನನ್ನ ಕೈ ಬಿಡಲ್ಲ" ಅಂತ.

ನನ್ನನ್ನೇ ಕೇಳಿದ್ರೂ ನಾನು ಅದನ್ನೇ ಹೇಳ್ತಿದ್ದೆ ಅಕ್ಕಾ. ಇವತ್ತು ಬೆಳಿಗ್ಗೆ ತನಕ.