ಬರುತ್ತೇನೆ ಎಂದು ಬರೆದ ಹಾಡು

ಮಾನ್ಯ ಅಧ್ಯಕ್ಷರಾದ ಮಹಾರುದ್ರಪ್ಪನವರೇ, ನಿದ್ದೆಯನ್ನು ತಡೆದುಕೊಂಡು ಕೂತಿರುವ ಅತಿಥಿಗಳೇ, ನನ್ನ ಜತೆಯ ಮಾಸ್ತರರೇ, ಸಭಿಕರೇ,

ಇಪ್ಪತ್ತೆಂಟು ವರ್ಷ ಈ ಹುಮನಾಬಾದಿನ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದೆ. ಕಲಿತವರೆಷ್ಟು ಎಂದು ಕೇಳಬೇಡಿ. ಬೀಳ್ಕೊಡುಗೆಯ ಹಾರ ಹಾಕಿದ ದಿನ ಅಂಥ ಪ್ರಶ್ನೆ ಕೇಳಬಾರದು. ಅಧ್ಯಕ್ಷರು ನನ್ನ ಇಂಗ್ಲಿಷ್ ಹಾಡನ್ನು ಹೊಗಳಿದರು. ಆ ಹಾಡು ನನ್ನೊಬ್ಬನದಲ್ಲ. ಅರ್ಧ ಪಾಲಿನವರು ಈ ಸಭೆಯಲ್ಲಿಲ್ಲ.

ಅದು ಸಾವಿರದ ಒಂಬೈನೂರಾ ನಲವತ್ತೊಂದು. ಇನ್‌ಸ್ಪೆಕ್ಟರ್ ಸಾಹೇಬರ ಮುಂದೆ ಮಕ್ಕಳು ಇಂಗ್ಲಿಷ್ ಹಾಡು ಹಾಡಬೇಕೆಂದು ಹುಕುಂ ಆಯಿತು. ನನಗೆ ಇಂಗ್ಲಿಷ್ ಬರುತ್ತಿತ್ತು, ಹಾಡು ಬರುತ್ತಿರಲಿಲ್ಲ. ಫಾರ್ಸಿ ಕಲಿಸುತ್ತಿದ್ದ ಶಂಶುದ್ದೀನ್ ಸಾಹೇಬರು ಒಂದು ಗ್ರಾಮಫೋನ್ ಪ್ಲೇಟು ತಂದರು. ಇರಾನಿನಲ್ಲಿ ಆಗ ಎಲ್ಲರ ಬಾಯಲ್ಲಿದ್ದ ಹಾಡಂತೆ. "ಮಾಸ್ತರ, ಧಾಟಿ ಇದ ಇರಲಿ. ಅರ್ಥ ನಾ ಹೇಳತೀನಿ, ಇಂಗ್ಲಿಷ್ ನೀವು ಬರೀರಿ" ಎಂದರು.

ಹದಿನೈದು ಸಂಜೆ ನನ್ನ ಮನೆಯಲ್ಲಿ ಕೂತೆವು. ಹೆಂಡತಿ ತೀರಿಕೊಂಡ ಮೇಲೆ ಆ ಮನೆಯಲ್ಲಿ ಇಬ್ಬರಿಗೆ ಚಹಾ ಆದದ್ದು ಅವೇ ದಿನಗಳಲ್ಲಿ. ಅವರು ಗ್ರಾಮಫೋನಿನ ಮುಳ್ಳನ್ನು ಎತ್ತಿ ಎತ್ತಿ ಇಡುವುದು, ನಾನು ಬೆರಳೆಣಿಸಿ ಶಬ್ದ ಕೂಡಿಸುವುದು. ರಾಗದ ಒಂದು ಎಳೆತದಲ್ಲಿ ಮೂರು ಶಬ್ದ ತುರುಕಿದರೆ ಮರುದಿನ ಶಾಲೆಯಲ್ಲಿ ಹಾಡುವ ಮಕ್ಕಳಿಗೆ ಕೆಮ್ಮು ಬರುತ್ತಿತ್ತು.

ಜಗಳ ಹತ್ತಿದ್ದು ಕೊನೆಯ ಸಾಲಿಗೆ. ಹಾಡಿನಲ್ಲಿ ಊರು ಬಿಡುವವನು ಪ್ರೀತಿಯವಳಿಗೆ ಹೇಳುತ್ತಾನೆ: ಹೋಗುತ್ತೇನೆ, ಬಾಗಿಲಲ್ಲಿ ಕಾಯಬೇಡ. ನಮ್ಮ ಕಡೆ ಹೊರಟು ನಿಂತವರು ಹೋಗುತ್ತೇನೆ ಎನ್ನುವುದುಂಟೇ? ಅಪಶಕುನ! ಅದಕ್ಕೇ ನಾನು ‘ತಿರುಗಿ ಬರುತ್ತೇನೆ’ ಎಂದೇ ಬರೆದೆ.

"ಅವ ಬರಂಗಿಲ್ಲರಿ, ಮಾಸ್ತರ. ನೀವು ಬರತೀನಿ ಅಂತ ಬರದ್ರ ಆಕಿ ಜಿಂದಗಿ ಪೂರಾ ಬಾಗಲ್ದಾಗ ಕುಂದರತಾಳ."

"ಕುಂದರಲಿ. ಮಕ್ಕಳ ಬಾಯಾಗ ಅಂಥಾ ಮಾತು ನಾ ಇಡಂಗಿಲ್ಲ" ಎಂದೆ. ನನ್ನ ಹಟವೇ ಗೆದ್ದಿತು. ಮಕ್ಕಳು ಹಾಡಿದರು. ತಿರುಗಿ ಬರುತ್ತೇನೆಂದು ಮಕ್ಕಳು ತಮ್ಮ ಪರವಾಗಿಯೇ ಮಾತು ಕೊಟ್ಟರೆಂದು ತಿಳಿದರೋ ಏನೋ, ಇನ್‌ಸ್ಪೆಕ್ಟರ್ ಸಾಹೇಬರು ಮೂರೇ ತಿಂಗಳಿಗೆ ಮತ್ತೆ ತಪಾಸಣೆಗೆ ಬಂದರು!

ಹೋದ ವರ್ಷ ಪೊಲೀಸ್ ಕಾರ್ಯಾಚರಣೆಯಾದಾಗಿನ ಗದ್ದಲ ನಿಮಗೆಲ್ಲ ಗೊತ್ತೇ ಇದೆ. ಶಂಶುದ್ದೀನ್ ಸಾಹೇಬರು ಮನೆಮಂದಿಯೊಂದಿಗೆ ಕರಾಚಿಗೆ ಹೊರಟರು. ಮೋಟಾರು ಸ್ಟ್ಯಾಂಡಿನಲ್ಲಿ ನನ್ನ ಎರಡೂ ಕೈ ಹಿಡಿದರು. ಹಾಡಿನಲ್ಲಿ ಕೂಡ ಸುಳ್ಳು ಬೇಡವೆಂದು ಜಗಳಾಡಿದ ಮನುಷ್ಯ ನನ್ನ ಮುಖ ನೋಡಿ, "ಬರತೀನ್ರಿ, ಮಾಸ್ತರ" ಎಂದರು.

ಸಭಿಕರೇ, ಅಂದಿನಿಂದ ಪ್ರತಿ ಸಂಜೆ ನಾನು ಆ ಸ್ಟ್ಯಾಂಡಿಗೆ ಹೋಗಿದ್ದೇನೆ. ಮಾಸ್ತರರು ಗಾಳಿಗೆ ಬಂದಿದ್ದಾರೆ ಎಂದು ನೀವು ತಿಳಿದಿರಿ. ಬರೀ ಗಾಳಿ ಬೇಕಿದ್ದರೆ ಮಾಣಿಕನಗರದ ದಾರಿ ಇರಲಿಲ್ಲವೇ? ಸಂಜೆಯ ಮೋಟಾರಿನಿಂದ ಎಲ್ಲರೂ ಇಳಿದು, ಡ್ರೈವರ್ ಚಹಾಕ್ಕೆ ಹೋಗುವವರೆಗೆ ನಿಲ್ಲುತ್ತಿದ್ದೆ. ಬರುವುದಿಲ್ಲವೆಂದು ಗೊತ್ತಿದ್ದೂ ನಿಲ್ಲುತ್ತಿದ್ದೆ. ಕಾಯುವುದು ಇಷ್ಟು ಕೆಟ್ಟದ್ದೆಂದು ಆ ಸಾಲು ಬರೆಯುವಾಗ ನನಗೆ ತಿಳಿದಿರಲಿಲ್ಲ. ನಾನು ತೀರಾ ಒಂಟಿಯಾಗಿದ್ದೇನೆ.

ಕಲ್ಯಾಣಿಯಿಂದ ತಂಗಿ ಅಂಬುಬಾಯಿ ಕರೆದಿದ್ದಾಳೆ, ಅಲ್ಲೇ ಇರುತ್ತೇನೆ. ಪ್ರತಿ ವಾರ್ಷಿಕೋತ್ಸವಕ್ಕೂ ಬರುವಿರೆಂದು ಮಾತು ಕೊಡಿ ಎಂದು ಅಧ್ಯಕ್ಷರು ಕೇಳಿದರು. ಕೊಡಲಾರೆ. ಆ ಸ್ಟ್ಯಾಂಡಿನಲ್ಲಿ ಮತ್ತೆ ಇಳಿಯುವ ಶಕ್ತಿ ನನಗಿಲ್ಲ.

ಹೊದಿಸಿದ ಈ ಶಾಲಿಗೆ, ನಿಮ್ಮ ತಾಳ್ಮೆಗೆ ಧನ್ಯವಾದ. ಮಕ್ಕಳೇ, ನನ್ನ ಹಾದಿ ನೋಡಬೇಡಿ. ಹೋಗುತ್ತೇನೆ. ನಮಸ್ಕಾರ.